ಕಾರಿನ ಕೂಲೆಂಟ್ ಬದಲಾವಣೆ: ಮುಚ್ಚಳ ತೆರೆಯುವಾಗಲೂ ಎಚ್ಚರ, ಚೆಲ್ಲುವಾಗಲೂ ಎಚ್ಚರ

ಮೈಸೂರು: ಬೇಸಿಗೆ ಕಾಲಿಟ್ಟಿತೆಂದರೆ ಬಾನೆಟ್ ಎತ್ತಿಕೊಂಡು ರಸ್ತೆ ಬದಿ ನಿಂತ ಕಾರುಗಳು ಕಣ್ಣಿಗೆ ಬೀಳುವುದು ಸಾಮಾನ್ಯ. ಎಂಜಿನ್ ಕಾಯುವುದಕ್ಕೆ ಕಾರಣಗಳು ಹಲವಿದ್ದರೂ, ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟ ಕೂಲೆಂಟ್ ಅವುಗಳಲ್ಲಿ ಪ್ರಮುಖವಾದುದು. ಇದನ್ನು ಬದಲಾಯಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ತಾಳ್ಮೆಯುಳ್ಳವರು ಮನೆಯಂಗಳದಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಈ ಕೆಲಸದಲ್ಲಿ ಎರಡು ಘಟ್ಟಗಳಲ್ಲಿ ಮೈಯೆಲ್ಲ ಕಣ್ಣಾಗಿರಬೇಕಾಗುತ್ತದೆ. ಮೊದಲನೆಯದು ರೇಡಿಯೇಟರ್ ಮುಚ್ಚಳ ತೆರೆಯುವ ಗಳಿಗೆ. ಎರಡನೆಯದು ಹಳೆಯ ದ್ರವ ತುಂಬಿದ ಬೋಗುಣಿಯನ್ನು ಕೈಯಲ್ಲಿ ಹಿಡಿದು, ಇದನ್ನು ಎಲ್ಲಿ ಸುರಿಯುವುದು ಎಂದು ಅತ್ತಿತ್ತ ನೋಡುವ ಗಳಿಗೆ. ಮೊದಲನೆಯದರ ಭಯ ಬಹುತೇಕ ಚಾಲಕರಿಗೆ ಉಂಟು. ಎರಡನೆಯದರ ಬಗ್ಗೆ ತಿಳಿವಳಿಕೆ ತೀರಾ ಕಡಿಮೆ. ಕೆಸರೆಯಂಥ ಬಡಾವಣೆಗೆ ಈ ಎರಡನೆಯದೇ ಹೆಚ್ಚು ಸಂಬಂಧಪಟ್ಟ ವಿಚಾರ.

ಹಿಮ ಬೀಳದ ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ ಏಕೆ ಬೇಕು, ನಲ್ಲಿ ನೀರು ಸಾಲದೇ ಎಂಬ ಪ್ರಶ್ನೆ ಹಳಬರಿಂದ ಆಗಾಗ್ಗೆ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಶಾಖವನ್ನು ಹೊತ್ತೊಯ್ಯುವ ಶಕ್ತಿ ಶುದ್ಧ ನೀರಿಗೇ ಹೆಚ್ಚು. ಅಂಬಾಸಿಡರ್ ಕಾರಿನ ಎರಕದ ಕಬ್ಬಿಣದ ಎಂಜಿನ್ ಬರೀ ನೀರಿನಲ್ಲಿಯೇ ಬಾಳಿದ್ದೂ ನಿಜ. ಆದರೆ ಇಂದಿನ ಎಂಜಿನ್ ಮತ್ತು ರೇಡಿಯೇಟರ್‌ಗಳಲ್ಲಿ ಅಲ್ಯೂಮಿನಿಯಂ ಬಳಕೆ ಹೆಚ್ಚು. ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿಸುತ್ತದೆ, ಲೋಹವನ್ನು ತಿನ್ನುತ್ತದೆ. ಇನ್ನೊಂದು ಕಾರಣ ಕುದಿಬಿಂದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತದೆ. ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನು ಸಮಪಾಲು ನೀರಿನೊಂದಿಗೆ ಬೆರೆಸಿದಾಗ ಕುದಿಬಿಂದು ಏರುತ್ತದೆ. ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ಅದು 120 ಡಿಗ್ರಿಯನ್ನೂ ದಾಟುತ್ತದೆ. ತುಕ್ಕು ತಡೆಯುವ ಸಂಯುಕ್ತಗಳೂ ಈ ದ್ರವದಲ್ಲಿರುತ್ತವೆ. ಕಾಲಕ್ರಮದಲ್ಲಿ ಸವೆದುಹೋಗುವುದು ಮುಖ್ಯವಾಗಿ ಇವೇ. ದ್ರವ ನೋಡಲು ಮೊದಲಿನಂತೆಯೇ ಇದ್ದರೂ ಬದಲಾಯಿಸಬೇಕಾಗುವುದು ಈ ಕಾರಣಕ್ಕೆ.

ಮುಚ್ಚಳ ಅಪಾಯಕಾರಿಯಾಗುವುದೂ ಆ ಒತ್ತಡದಿಂದಲೇ. 110 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು ಒತ್ತಡದ ಕಾರಣ ದ್ರವವಾಗಿಯೇ ಇದೆ ಎಂದುಕೊಳ್ಳೋಣ. ಮುಚ್ಚಳ ಸಡಿಲಗೊಂಡ ಕ್ಷಣದಲ್ಲಿ ಒತ್ತಡ ಇಳಿದು, ಸುಮಾರು 25 ಗ್ರಾಂ ನೀರು ತತ್‌ಕ್ಷಣ ಆವಿಯಾಗುತ್ತದೆ. 25 ಗ್ರಾಂ ಎಂದರೆ ಐದು ಚಮಚೆಯಷ್ಟು. ಆದರೆ ಆವಿಯಾದಾಗ ಅದು ಆಕ್ರಮಿಸುವ ಜಾಗ 40 ಲೀಟರಿಗೂ ಹೆಚ್ಚು. ಆ ಆವಿ ತಾನೊಂದೇ ಹೊರಬರುವುದಿಲ್ಲ, ಮೇಲಿರುವ ಕುದಿನೀರನ್ನೂ ಮುಖದ ಮೇಲೆ ಎರಚುತ್ತದೆ. 70 ಡಿಗ್ರಿಯ ನೀರು ಚರ್ಮವನ್ನು ಆಳವಾಗಿ ಸುಡಲು ಒಂದು ಸೆಕೆಂಡ್ ಸಾಕು ಎಂಬುದನ್ನು ಗಮನಿಸಿದರೆ ಇದರ ಪರಿಣಾಮವನ್ನು ಊಹಿಸಬಹುದು. ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಿದರೆ ಏನೂ ಆಗದು ಎಂಬ ಗ್ಯಾರೇಜಿನ ಮಾತನ್ನು ನಂಬಬಾರದು. ಬಟ್ಟೆ ಎರಡನೆಯ ರಕ್ಷಣೆ. ಮೊದಲನೆಯದು ಕಾಲಾವಕಾಶ. ಹಿಂದಿನ ರಾತ್ರಿ ನಿಲ್ಲಿಸಿದ ಕಾರಿಗೆ ಬೆಳಿಗ್ಗೆ ಎದ್ದು ಕೈ ಹಾಕುವುದು ಉತ್ತಮ. ಮೇಲಿನ ರಬ್ಬರ್ ಕೊಳವೆಯನ್ನು ಮುಟ್ಟಿದಾಗ ತಣ್ಣಗಿದ್ದು, ಹಿಸುಕಿದಾಗ ಮೆತ್ತಗಿದ್ದರೆ ಮಾತ್ರ ಮುಂದುವರಿಯಬೇಕು. ಆಗಲೂ ಬಟ್ಟೆ ಹಾಕಿ ಮೊದಲ ತಡೆಯವರೆಗೆ ತಿರುಗಿಸಿ, ಬುಸ್ಸೆಂಬ ಸದ್ದು ಬಂದರೆ ಅಲ್ಲಿಯೇ ನಿಲ್ಲಿಸಬೇಕು. ಎಷ್ಟೋ ಹೊಸ ಕಾರುಗಳಲ್ಲಿ ರೇಡಿಯೇಟರ್ ಮೇಲೆ ಮುಚ್ಚಳವೇ ಇರುವುದಿಲ್ಲ, ಪಕ್ಕದ ಪ್ಲಾಸ್ಟಿಕ್ ತೊಟ್ಟಿಯೇ ಒತ್ತಡದಲ್ಲಿರುತ್ತದೆ. ಪ್ಲಾಸ್ಟಿಕ್ ತಾನೇ ಎಂಬ ಸದರ ಸಲ್ಲದು.

ಅಕಸ್ಮಾತ್ ಸುಟ್ಟುಕೊಂಡರೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು ಆಸ್ಪತ್ರೆಗೆ ಹೋಗತಕ್ಕದ್ದು. ಟೂತ್‌ಪೇಸ್ಟ್, ಬೆಣ್ಣೆ, ಶಾಯಿ ಯಾವುದನ್ನೂ ಬಳಿಯಬಾರದು.

ಕೆಲಸದ ಕ್ರಮ ಹೀಗಿದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು ಕಾರನ್ನು ನಿಲ್ಲಿಸಬೇಕು. ರೇಡಿಯೇಟರ್‌ನ ವಿದ್ಯುತ್ ಫ್ಯಾನ್ ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗತೊಡಗುವುದರಿಂದ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡುವುದು ಕ್ಷೇಮ. ಕೈಗವಸು, ಕನ್ನಡಕ ಧರಿಸಿ, ಮುಚ್ಚಳ ತೆಗೆದು, ರೇಡಿಯೇಟರ್ ತಳದ ತಿರುಪನ್ನು ಸಡಿಲಿಸಿ, ಅಗಲವಾದ ಬೋಗುಣಿಗೆ ದ್ರವವನ್ನು ಇಳಿಸಬೇಕು. ಬರೀ ಜಾಕ್ ಮೇಲೆ ಎತ್ತಿದ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು. ಇಳಿದ ದ್ರವ ಎಷ್ಟು ಲೀಟರ್ ಎಂದು ಅಳೆದಿಟ್ಟುಕೊಂಡರೆ ಹೊಸದನ್ನು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡಿದೆಯೇ ಎಂಬುದು ಗೊತ್ತಾಗುತ್ತದೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಮಾಲೀಕರು ಈ ಸಾಹಸಕ್ಕೆ ಇಳಿಯದೆ ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯುವುದೇ ಲೇಸು.

ಹೊಸ ಕೂಲೆಂಟ್ ಕೊಳ್ಳುವಾಗ ಬಣ್ಣ ನೋಡಿ ಮೋಸ ಹೋಗುವವರೇ ಹೆಚ್ಚು. ಹಸಿರು, ಕೆಂಪು, ನೀಲಿ ಇವು ತಯಾರಕರು ಬೆರೆಸುವ ಬಣ್ಣಗಳಷ್ಟೇ, ಇದಕ್ಕೆ ಸರ್ವಸಮ್ಮತ ನಿಯಮವಿಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೊಳ್ಳಬೇಕು. ಭಿನ್ನ ಬಗೆಯ ಕೂಲೆಂಟ್‌ಗಳನ್ನು ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಗಸಿ ಕಟ್ಟುವುದೂ ಉಂಟು. ನೇರವಾಗಿ ಸುರಿಯುವಂಥದ್ದೋ, ನೀರು ಬೆರೆಸಬೇಕಾದ ಗಾಢ ದ್ರವವೋ ಎಂಬುದನ್ನು ಡಬ್ಬಿಯ ಮೇಲೆ ಓದಿಕೊಳ್ಳಬೇಕು. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸತಕ್ಕದ್ದು. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ಗಾಢ ದ್ರವವನ್ನೇ ಪೂರ್ತಿ ತುಂಬಿದರೆ ಎಂಜಿನ್ ಇನ್ನಷ್ಟು ಕಾಯುತ್ತದೆ.

ನಿಧಾನವಾಗಿ ತುಂಬಿ, ಕೈಪಿಡಿಯಲ್ಲಿ ಹೇಳಿದಂತೆ ಗಾಳಿ ತೆಗೆದು, ತೆರೆದ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ ಫ್ಯಾನ್ ಒಮ್ಮೆ ತಿರುಗುವವರೆಗೆ ಕಾಯಬೇಕು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯಿಂದ ಜೀವಕ್ಕೇ ಅಪಾಯ. ಮತ್ತೆ ಪೂರ್ತಿ ತಣಿದ ಮೇಲಷ್ಟೇ ಮಟ್ಟ ನೋಡಿ ಉಳಿದದ್ದನ್ನು ತುಂಬಬೇಕು. ಮುಂದಿನ ಒಂದು ವಾರ ಪ್ರತಿದಿನ ಬೆಳಿಗ್ಗೆ ತೊಟ್ಟಿಯ ಮಟ್ಟದ ಮೇಲೆ ಕಣ್ಣಿಡುವುದು ಅಗತ್ಯ.

ಇನ್ನು ಬೋಗುಣಿಯ ಮಾತು. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ. ಕಹಿ ಬೆರೆಸದ ಕೂಲೆಂಟ್ ನೆಲದ ಮೇಲೆ ಚೆಲ್ಲಿದ್ದರೆ ಬೀದಿನಾಯಿ, ಬೆಕ್ಕುಗಳು ನೆಕ್ಕುತ್ತವೆ. ಹಸಿರು ಶರಬತ್ತಿನಂತೆ ಕಾಣುವುದರಿಂದ ಮಕ್ಕಳೂ ಮೋಸಹೋಗಬಹುದು. ದೇಹದೊಳಗೆ ಯಕೃತ್ತು ಇದನ್ನು ಆಮ್ಲಗಳಾಗಿ ಮಾರ್ಪಡಿಸುತ್ತದೆ. ಕೊನೆಗೆ ಮೂತ್ರಪಿಂಡದಲ್ಲಿ ಹರಳುಗಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ವಯಸ್ಕರಿಗೆ ಸುಮಾರು 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದಷ್ಟು ಗಾಢ ದ್ರವ ಪ್ರಾಣಾಂತಕವಾಗಬಲ್ಲದು. ಗಾಂಬಿಯಾದಲ್ಲಿ ಮಕ್ಕಳ ಸಾವಿಗೆ ನಂಟಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಎಚ್ಚರಿಸಿದ ಕೆಮ್ಮಿನ ಸಿರಪ್‌ಗಳಲ್ಲಿ ಪತ್ತೆಯಾದ ವಿಷಗಳಲ್ಲಿ ಇದೂ ಒಂದು. ಆರಂಭದಲ್ಲಿ ಮದ್ಯದ ಅಮಲಿನಂಥ ಲಕ್ಷಣ ಕಾಣಿಸಿಕೊಂಡು, ಆನಂತರ ಸುಧಾರಿಸಿದಂತೆ ತೋರುವುದೂ ಉಂಟು. ಅದನ್ನು ನಂಬಿ ಕಾಯಬಾರದು. ಯಾರಾದರೂ ಕುಡಿದದ್ದು ತಿಳಿದೊಡನೆ, ವಾಂತಿ ಮಾಡಿಸುವ ಗೊಡವೆಗೆ ಹೋಗದೆ, ಡಬ್ಬಿಯ ಸಮೇತ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕಾಲದಲ್ಲಿ ದೊರೆತರೆ ಪ್ರತಿವಿಷ ಚಿಕಿತ್ಸೆ ಇದೆ.

ಹಾಗಾದರೆ ಮೋರಿಗೆ ಸುರಿದರೆ ಮುಗಿಯಿತೇ? ಇಲ್ಲಿಯೇ ಕೆಸರೆಯ ವಿಚಾರ ಬರುವುದು. ಮೈಸೂರು ನಗರದ ಹಳೆಯ ಮೂರು ಕೊಳಚೆ ನೀರು ಸಂಸ್ಕರಣಾ ಘಟಕಗಳ ಪೈಕಿ ಒಂದು ಕೆಸರೆಯಲ್ಲಿದೆ. ಉಳಿದೆರಡು ವಿದ್ಯಾರಣ್ಯಪುರಂ ಮತ್ತು ರಾಯನಕೆರೆಯಲ್ಲಿವೆ. ಕೆಸರೆಯ ಘಟಕ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ನಿರ್ಮಾಣವಾದದ್ದು. ಘಟಕ ಹತ್ತಿರದಲ್ಲಿಯೇ ಇದೆ ಎಂದು ನಿಶ್ಚಿಂತರಾಗುವಂತಿಲ್ಲ. ರಸ್ತೆ ಬದಿಯ ತೆರೆದ ಮೋರಿ ಮಳೆನೀರಿಗಾಗಿ ಇರುವಂಥದ್ದು. ಅದರಲ್ಲಿ ಸುರಿದದ್ದು ಒಳಚರಂಡಿಯ ಮೂಲಕ ಘಟಕಕ್ಕೆ ಹೋಗುತ್ತದೆಂಬ ಖಾತರಿಯಿಲ್ಲ, ಹಳ್ಳಕ್ಕೋ ಕೆರೆಗೋ ನೇರವಾಗಿ ಸೇರಬಹುದು. ಅಲ್ಲಿ ಗ್ಲೈಕಾಲ್ ಅನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆಯಾದರೂ, ಆ ಊಟಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಒಂದು ಕಿಲೋ ಗ್ಲೈಕಾಲ್‌ಗೆ ಸುಮಾರು 1.3 ಕಿಲೋ ಆಮ್ಲಜನಕ. ಸಣ್ಣ ಕಾರೊಂದರ 4 ಲೀಟರ್ ಸಮಪಾಲು ಕೂಲೆಂಟ್‌ನಲ್ಲಿ ಎರಡು ಕಿಲೋಗೂ ಮಿಗಿಲಾದ ಗ್ಲೈಕಾಲ್ ಇರುತ್ತದೆ. ನಮ್ಮ ಹವೆಯಲ್ಲಿ ಒಂದು ಲೀಟರ್ ಸ್ವಚ್ಛ ನೀರು ಹಿಡಿದಿಡುವ ಆಮ್ಲಜನಕ 7.5 ಮಿಲಿಗ್ರಾಂ ಆಸುಪಾಸು. ಲೆಕ್ಕ ಹಾಕಿದರೆ ಒಂದೇ ಕಾರಿನ ಹಳೆಯ ದ್ರವ ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು ನೀರಿನ ಆಮ್ಲಜನಕವನ್ನು ಬರಿದು ಮಾಡಬಲ್ಲದು! ಮೀನುಗಳ ಗತಿಯನ್ನು ಬೇರೆ ಹೇಳಬೇಕಿಲ್ಲ. ಸಾಲದ್ದಕ್ಕೆ ಹಳೆಯ ಕೂಲೆಂಟ್‌ನಲ್ಲಿ ರೇಡಿಯೇಟರ್‌ನಿಂದ ಸವೆದ ತಾಮ್ರ, ಬೆಸುಗೆಯ ಸೀಸದಂಥ ಲೋಹಗಳೂ ಸೇರಿರುತ್ತವೆ. ಇವನ್ನು ಯಾವ ಬ್ಯಾಕ್ಟೀರಿಯಾವೂ ಕರಗಿಸಲಾರದು.

ಆದ್ದರಿಂದ ಹಳೆಯ ದ್ರವವನ್ನು ಅದೇ ಹೊಸ ಕೂಲೆಂಟ್‌ನ ಖಾಲಿ ಡಬ್ಬಿಗೆ ತುಂಬಿ, ‘ವಿಷ - ಹಳೆಯ ಕೂಲೆಂಟ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕು. ಕುಡಿಯುವ ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ತುಂಬುವ ಅಭ್ಯಾಸ ಕೂಡದು. ಹಳೆಯ ಎಂಜಿನ್ ಆಯಿಲ್ ಜೊತೆ ಬೆರೆಸಬಾರದು, ಬೆರೆತರೆ ಎರಡೂ ಮರುಬಳಕೆಗೆ ಒದಗುವುದಿಲ್ಲ. ತ್ಯಾಜ್ಯವನ್ನು ಪರವಾನಗಿ ಪಡೆದವರಿಗೆ ಒಪ್ಪಿಸುವ ಸೇವಾ ಕೇಂದ್ರಗಳಿವೆ. ಕೆಲಸ ಆರಂಭಿಸುವ ಮುನ್ನವೇ ಹತ್ತಿರದ ಕೇಂದ್ರದಲ್ಲಿ ಹಳೆಯ ಕೂಲೆಂಟ್ ಸ್ವೀಕರಿಸುತ್ತಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ಯಾರೂ ಸ್ವೀಕರಿಸದಿದ್ದರೆ ಆ ಕೆಲಸವನ್ನು ಮನೆಯಲ್ಲಿ ಮಾಡದೆ ಸೇವಾ ಕೇಂದ್ರಕ್ಕೇ ವಹಿಸುವುದು ಸರಿ. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರಳು ಅಥವಾ ಮರದ ಹೊಟ್ಟು ಹರಡಿ, ಹೀರಿಕೊಂಡ ಮೇಲೆ ಗುಡಿಸಿ ಚೀಲದಲ್ಲಿ ಕಟ್ಟಿಡಬೇಕು. ಬಳಸಿದ ಬೋಗುಣಿ, ಲಾಳಿಕೆ ಮತ್ತೆ ಅಡುಗೆಮನೆಗೆ ಹಿಂದಿರುಗತಕ್ಕದ್ದಲ್ಲ.