ಚರಂಡಿ ಸೇರುವುದು ಕೆರೆಗೇ

ಪಾಲಾರ್ ನದಿಯ ಬೇತಮಂಗಲ ಕೆರೆ ಕೋಲಾರ ಚಿನ್ನದ ಗಣಿಯ ಜನರಿಗೆ ನೀರುಣಿಸಿದ ಕೆರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತಗಳಲ್ಲಿ ಶುದ್ಧೀಕರಣಗೊಂಡು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೊದಲು ಕೆಸರು ತಳಕ್ಕಿಳಿಯುತ್ತದೆ, ಬಳಿಕ ಬ್ಯಾಕ್ಟೀರಿಯಾಗಳು ಕರಗಿದ ಹೊಲಸನ್ನು ತಿನ್ನುತ್ತವೆ. ಆದರೂ ರೋಗಾಣುಗಳು ಪೂರ್ತಿ ಹೋಗುವುದಿಲ್ಲ. ಆ ನೀರು ಅಂತರ್ಜಲ ಹೆಚ್ಚಿಸಲು, ಕುಡಿಯಲು ಅಲ್ಲ.

ಶೌಚಾಲಯದ ಪೈಪನ್ನು ನೀವು ನೇರ ಚರಂಡಿಗೆ ಬಿಟ್ಟರೆ, ಆ ಎರಡು ಹಂತವೂ ಇಲ್ಲದೆ ಹೊಲಸು ಕೆರೆ ಸೇರುತ್ತದೆ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ)ರು ತಡೆದಿದ್ದಾರೆ. ಪೈಪಿನ ಮೂಲಕ ಬಿಟ್ಟರೆ ಅದು ಬೇರೆಯಾದೀತೇ?

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ. ಅದು ಬಾವಿಯಿಂದ 60 ಅಡಿಯಾದರೂ ದೂರವಿರಲಿ. ಕುಡಿಯುವ ನೀರನ್ನು ಕುದಿಸಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸಿಯೇ ಮಕ್ಕಳಿಗೆ ಕೊಡಿ.