ಅಡುಗೆಮನೆಯ ಬಲ್ಬಿಗೆ ಅರಳಿದ ನಾಲೆಯ ಹೂ

ಶಿವಮೊಗ್ಗದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರ ಪಡಸಾಲೆಯ ಅಕ್ವೇರಿಯಂನಲ್ಲಿ ವ್ಯಾಲಿಸ್ನೇರಿಯಾ ಹೂ ಬಿಟ್ಟಿದೆ. ನೋಡಿ ಬಂದು ವಾರಗಳೇ ಕಳೆದರೂ ಆ ಸಂಭ್ರಮ ಇಳಿದಿಲ್ಲ. ತುಂಗಾ ನಾಲೆಯಿಂದ ಬೇರುಸಹಿತ ತಂದು ನೆಟ್ಟ ಗಿಡ ಅದು. ಉದ್ದನೆಯ ಪಟ್ಟಿ ಎಲೆಗಳ ನಡುವಿನಿಂದ ತೆಳ್ಳನೆಯ ತೊಟ್ಟೊಂದು ಮೇಲೆದ್ದು, ನೀರಿನ ಮಟ್ಟಕ್ಕೆ ಸರಿಯಾಗಿ ನಿಂತು, ತುದಿಯಲ್ಲಿ ಪುಟ್ಟ ಬಿಳಿ ಹೂ ತೆರೆದಿತ್ತು.

"ಮೇಷ್ಟ್ರೇ, ಯಾವ ಲೈಟು ಹಾಕಿದೀರಿ?" ಎಂದು ಕೇಳಿದೆ. ಅವರು ಮಾತಾಡದೆ ಮುಚ್ಚಳ ಎತ್ತಿದರು. ಒಳಗೆ 9 ವ್ಯಾಟಿನ ಎರಡು ಸಾಮಾನ್ಯ ಎಲ್‌ಇಡಿ ಬಲ್ಬು, ಹಿಂದೆ ಬಿಳಿ ಬಣ್ಣ ಬಳಿದ ತಗಡು. "ಅಡುಗೆಮನೇಲಿ ಉರೀತಿರೋದೂ ಇದೇ. ಒಟ್ಟಿಗೇ ತಂದದ್ದು" ಎಂದರು.

ಆ ಹೂವಿನ ವಿಚಾರ ಸ್ವಲ್ಪ ಹೇಳಲೇಬೇಕು. ವ್ಯಾಲಿಸ್ನೇರಿಯಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡೂ ಎಷ್ಟು ಬೇರೆಯಾಗಿ ಹೂ ಬಿಡುತ್ತವೆಂದರೆ, ಇಟಲಿಯ ಸಸ್ಯವಿಜ್ಞಾನಿ ಮಿಕೆಲಿ 1729ರಲ್ಲಿ ಅವನ್ನು ಎರಡು ಪ್ರತ್ಯೇಕ ಕುಲಗಳೆಂದೇ ದಾಖಲಿಸಿದ. ಮುಂದೆ ಲಿನೇಯಸ್ ಒಂದಾಗಿಸಿದ. ಗಂಡು ಹೂಗಳು ಗಿಡದ ಬುಡದಲ್ಲೇ ಮೊಗ್ಗಾಗಿ, ಮಾಗಿದ ಮೇಲೆ ಕಳಚಿಕೊಂಡು ಗುಳ್ಳೆಗಳಂತೆ ಮೇಲೇರುತ್ತವೆ. ನೀರಿನ ಮೇಲೆ ಬಂದು ತೆರೆದುಕೊಂಡು ಗಾಳಿ ತಳ್ಳಿದತ್ತ ತೇಲುತ್ತವೆ. ಹೆಣ್ಣು ಹೂವಿನ ಸುತ್ತ ನೀರಿನ ಪೊರೆ ತುಸು ತಗ್ಗಿ ಸಣ್ಣ ಕುಳಿ ಮೂಡಿರುತ್ತದೆ. ಹತ್ತಿರ ಬಂದ ಗಂಡು ಹೂ ಅದರೊಳಗೆ ಜಾರಿ ಪರಾಗ ತಾಕಿಸುತ್ತದೆ. ಅದಾದ ಬಳಿಕ ಹೆಣ್ಣು ಹೂವಿನ ತೊಟ್ಟು ಸುರುಳಿ ಸುತ್ತಿಕೊಂಡು ಕಾಯನ್ನು ನೀರಿನಡಿಗೆ ಎಳೆದುಕೊಳ್ಳುತ್ತದೆ. ಮೇಷ್ಟ್ರ ತೊಟ್ಟಿಯಲ್ಲಿ ಇದು ನಡೆಯುವುದಿಲ್ಲ. ಒಂದೇ ತಾಯಿಗಿಡದಿಂದ ಹಬ್ಬಿದ ಮರಿಗಳೆಲ್ಲ ಹೆಣ್ಣೇ. "ನಾಲೆಗೆ ಹೋಗಿ ಇನ್ನೊಂದಿಷ್ಟು ಬುಡ ತರ್ತೀನಿ, ಅದರಲ್ಲಿ ಗಂಡು ಸಿಕ್ಕರೆ ಕಾಯಿ ಕಟ್ಟೀತು" ಎಂದು ಅವರು ಕಾಯುತ್ತಿದ್ದಾರೆ. ನಾನೂ ಕಾಯುತ್ತಿದ್ದೇನೆ.

ಮನೆಯೊಳಗೆ ಗಿಡ ನೆಟ್ಟು ಮೀನು ಸಾಕುವ ಹವ್ಯಾಸದ ಮೊದಲ ಪುಟಗಳಲ್ಲೂ ಇದೇ ಗಿಡ ಇದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಇದ್ದದ್ದು ಗೋಲ್ಡ್‌ಫಿಶ್, ಬಸವನಹುಳು ಮತ್ತು ವ್ಯಾಲಿಸ್ನೇರಿಯಾ. ಬೆಳಕು ಸೂರ್ಯನದು. ಆಮೇಲೆ ಟ್ಯೂಬ್‌ಲೈಟುಗಳ ಕಾಲ ಬಂತು. ತೊಟ್ಟಿಯೊಳಗೆ ಕಾಡನ್ನೇ ಬೆಳೆಸಿ ತೋರಿಸಿದ ಜಪಾನಿನ ತಕಾಶಿ ಅಮಾನೊ ಮೆಟಲ್ ಹ್ಯಾಲೈಡ್ ದೀಪಗಳನ್ನು ಬಳಸಿದರು. ಇಂದಿನ ಎಲ್‌ಇಡಿ ಬೆಳಕಿಗೆ ದಾರಿ ಮಾಡಿದವರಲ್ಲೂ ಒಬ್ಬ ಅಮಾನೊ ಇದ್ದಾರೆ: ನೀಲಿ ಎಲ್‌ಇಡಿಗಾಗಿ 2014ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಹಿರೋಶಿ ಅಮಾನೊ. ನಮ್ಮಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯ ಸಗಟು ಖರೀದಿಯಿಂದಾಗಿ, 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಖರೀದಿ ಬೆಲೆ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಗಿಡ ಬೆಳೆಸುವ ಬೆಳಕು ಬಡವರ ಕೈಗೂ ಎಟುಕಿದ್ದು ಹೀಗೆ.

ಆದರೂ ಅಕ್ವೇರಿಯಂ ಅಂಗಡಿಗೆ ಹೋದರೆ ಮೊದಲು ತೋರಿಸುವುದು ಸಾವಿರಾರು ರೂಪಾಯಿಯ 'ಪ್ಲಾಂಟ್ ಲೈಟ್'. ಗಿಡಕ್ಕೆ ಕೆಂಪು ಮತ್ತು ನೀಲಿ ಮಾತ್ರ ಬೇಕು, ಹಸಿರು ವ್ಯರ್ಥ ಎನ್ನುವುದು ಅದರ ಜೊತೆಗೆ ಬರುವ ವಾದ. ಅದಕ್ಕೊಂದು ಮೂಲವೇನೋ ಇದೆ. ಜರ್ಮನಿಯ ವಿಜ್ಞಾನಿ ಎಂಗಲ್‌ಮನ್ 1882ರಲ್ಲಿ ಪಾಚಿಯ ಎಳೆಯೊಂದರ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿದಾಗ, ಆಮ್ಲಜನಕ ಅರಸುವ ಬ್ಯಾಕ್ಟೀರಿಯಾಗಳು ಕೆಂಪು ಮತ್ತು ನೀಲಿ ಬಿದ್ದ ಕಡೆ ಮುತ್ತಿದವು. ಬಹಳ ಸುಂದರ ಪ್ರಯೋಗ. ಆದರೆ ಒಂದು ಎಳೆ ಪಾಚಿಯೇ ಬೇರೆ, ದಪ್ಪ ಎಲೆಯೇ ಬೇರೆ. 1972ರಲ್ಲಿ ಮೆಕ್ರೀ ಎಂಬ ವಿಜ್ಞಾನಿ 22 ಜಾತಿಯ ಬೆಳೆಗಳ ಎಲೆಗಳನ್ನು ಅಳೆದು ತೋರಿಸಿದಂತೆ, ಹಸಿರು ಬೆಳಕನ್ನೂ ಗಿಡಗಳು ಚೆನ್ನಾಗಿಯೇ ಬಳಸಿಕೊಳ್ಳುತ್ತವೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕಿನ ಚಿಪ್‌ ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿ, ಹಸಿರು, ಹಳದಿ, ಒಂದಿಷ್ಟು ಕೆಂಪು ಎಲ್ಲವೂ ಅದರಲ್ಲಿವೆ. ದುಬಾರಿ ಲೈಟಿನಡಿ ಕೆಂಪು ಗಿಡ ಇನ್ನಷ್ಟು ಕೆಂಪಾಗಿ, ಮೀನು ಇನ್ನಷ್ಟು ಹೊಳೆಯುವಂತೆ ಕಾಣುವುದು ನಿಜ. ಆ ಸೊಗಸು ಬೇಕೆನ್ನುವವರು ಧಾರಾಳವಾಗಿ ಕೊಳ್ಳಲಿ. ಅದು ನೋಡುವವರ ಕಣ್ಣಿಗಾಗಿ ಮಾಡುವ ಖರ್ಚು, ಗಿಡದ ಹೊಟ್ಟೆಗಲ್ಲ.

ಕೊಳ್ಳುವಾಗ ಡಬ್ಬಿಯ ಮೇಲೆ ನೋಡಬೇಕಾದದ್ದು ವ್ಯಾಟ್ ಅಲ್ಲ, ಬೆಳಕಿನ ಅಳತೆಯಾದ ಲ್ಯೂಮೆನ್. ಹಳೆಯ ಪುಸ್ತಕಗಳ 'ಗ್ಯಾಲನ್ನಿಗೆ ಇಷ್ಟು ವ್ಯಾಟ್' ಎಂಬ ಸೂತ್ರ ಟ್ಯೂಬ್‌ಲೈಟ್ ಕಾಲದ್ದು. ಹವ್ಯಾಸಿಗಳ ರೂಢಿಯ ಲೆಕ್ಕದಲ್ಲಿ ಲೀಟರಿಗೆ 10ರಿಂದ 20 ಲ್ಯೂಮೆನ್ ಅಂದರೆ ಕಡಿಮೆ ಬೆಳಕು, 20ರಿಂದ 40 ಮಧ್ಯಮ, ಅದರಾಚೆ ತೀಕ್ಷ್ಣ. ಮೇಷ್ಟ್ರ ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಸುಮಾರು 56 ಲೀಟರ್. 900 ಲ್ಯೂಮೆನ್ನಿನ ಎರಡು ಬಲ್ಬಿಗೆ ಲೀಟರಿಗೆ 32 ಬಂತು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೊಕೊರೈನ್‌ಗಳಿಗೆ ಧಾರಾಳ. ಆನುಬಿಯಾಸ್, ಜಾವಾ ಫರ್ನ್‌ಗಳಿಗೆ ಒಂದೇ ಬಲ್ಬ್ ಸಾಕು. ಒಂದೂವರೆ ಅಡಿಗಿಂತ ಆಳದ ತೊಟ್ಟಿಯಾದರೆ ಬಲ್ಬಿನ ಬದಲು 20 ಅಥವಾ 30 ವ್ಯಾಟಿನ ಫ್ಲಡ್‌ಲೈಟ್ ಮೇಲು. ಬೆಳಕೆಲ್ಲ ಒಂದೇ ಕಡೆ ಬೀಳುತ್ತದೆ, ಅಲ್ಯೂಮಿನಿಯಂ ಮೈ ಬಿಸಿಯನ್ನು ಹೊರಹಾಕುತ್ತದೆ, ಐಪಿ65 ಎಂದು ಬರೆದಿದ್ದರೆ ನೀರು ಸಿಡಿದರೂ ತಡೆಯುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುವ ಸಾಮಾನು ಇದು. ಬಲ್ಬಾಗಲಿ ಫ್ಲಡ್ ಆಗಲಿ 6500 ಕೆಲ್ವಿನ್‌ನ 'ಕೂಲ್ ಡೇಲೈಟ್' ಕೇಳಿ. ಹಳದಿ ಬೆಳಕಿಗೂ ಗಿಡ ಬೆಳೆಯುತ್ತದೆ, ತೊಟ್ಟಿ ಮಾತ್ರ ಕಂದು ನೀರು ತುಂಬಿದ ಹಾಗೆ ಕಾಣುತ್ತದೆ.

ಬೆಳಕು ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ ಹಾಳಾದ ತೊಟ್ಟಿಗಳು ಬಹಳ. ತೀಕ್ಷ್ಣ ಬೆಳಕಿನಡಿ ಗಿಡ ಬೇಗ ಬೆಳೆಯಲು ಇಂಗಾಲದ ಡೈಆಕ್ಸೈಡೂ ಗೊಬ್ಬರವೂ ಅಷ್ಟೇ ಪ್ರಮಾಣದಲ್ಲಿ ಬೇಕು. ಅವು ಇಲ್ಲದಿದ್ದರೆ ಗಿಡ ಬಳಸದೆ ಬಿಟ್ಟ ಬೆಳಕು ಪಾಚಿಗೆ ಊಟವಾಗುತ್ತದೆ. ಅನಿಲದ ಸಿಲಿಂಡರ್ ಇಡದವರು ಲೀಟರಿಗೆ 30ರ ಆಸುಪಾಸಿನಲ್ಲೇ ನಿಲ್ಲುವುದು ಲೇಸು. ದೀಪ ಉರಿಸುವ ಅವಧಿ ದಿನಕ್ಕೆ 6 ಗಂಟೆಯಿಂದ ಶುರುವಾಗಲಿ. ಗಾಜಿಗೆ ಪಾಚಿ ಹತ್ತದಿದ್ದರೆ ನಿಧಾನವಾಗಿ 8ಕ್ಕೆ ಏರಿಸಬಹುದು. ಇದನ್ನು ನೆನಪಿಗೆ ಬಿಡದೆ ಸಾಕೆಟ್ಟಿಗೆ ಸಿಕ್ಕಿಸುವ ಟೈಮರ್ ಒಂದನ್ನು ತನ್ನಿ. ನನ್ನ ಮಟ್ಟಿಗೆ ಇಡೀ ಸಾಮಾನಿನಲ್ಲಿ ಅತಿ ಸಾರ್ಥಕ ಖರ್ಚು ಅದೇ. ಇನ್ನು ಬೋರ್‌ವೆಲ್ ನೀರಿನ ಊರುಗಳಲ್ಲಿ ಗಾಜಿನ ಮುಚ್ಚಳಕ್ಕೆ ಬಿಳಿ ಉಪ್ಪು ಕಟ್ಟಿ ಬೆಳಕು ಕುಂದುತ್ತದೆ. ಹೊಸ ಲೈಟು ಕೊಳ್ಳುವ ಮೊದಲು ಮುಚ್ಚಳಕ್ಕೆ ನಿಂಬೆರಸ ಹಚ್ಚಿ, ತೊಳೆದು ನೋಡಿ.

ಕೊನೆಗೆ ಸುರಕ್ಷತೆಯ ಮಾತು. ಬಲ್ಬಿನ ಹೋಲ್ಡರನ್ನು ನೀರಿಗೆ ಬೀಳದಂತೆ ಬಿಗಿಯಾಗಿ ಕಟ್ಟಿ. ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮೇಲೇರಲಿ; ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ. ಮನೆಯ ವೈರಿಂಗಿಗೆ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಬಲ್ಬಿಗಿಂತ ಮೊದಲು ಅದನ್ನು ಹಾಕಿಸಿ.