ಜೋಡಿ ಸರಿ ಇದ್ದರೇ ಕುಸ್ತಿ ಚಂದ

ಅಡಿಗೆ, ಹೊಲಿಗೆಯ ನಡುವೆ ಕುಸ್ತಿಯ ಮಾತು ಯಾಕೆ ಬಂತು ಎಂದು ಹುಬ್ಬೇರಿಸಬೇಡಿ, ಸೋದರಿಯರೇ. ಹೆಣ್ಣುಮಕ್ಕಳು ಅಖಾಡದ ಮಣ್ಣು ತುಳಿಯಬಾರದು ಅನ್ನುತ್ತಿದ್ದ ಕಾಲ ಹಿಂದೆ ಸರಿಯಿತು. 2004ರ ಅಥೆನ್ಸ್ ಒಲಿಂಪಿಕ್ಸಿನಿಂದ ಹೆಂಗಸರ ಕುಸ್ತಿಯೂ ಅಲ್ಲಿ ಸೇರಿದೆ. ನಮ್ಮ ಗದಗ ಜಿಲ್ಲೆಯ ಪ್ರೇಮಾ ಹುಚ್ಚಣ್ಣವರ ಅವರ ಹೆಸರನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಹಿರೇಹಂದಿಗೋಳದಂಥ ನಮ್ಮ ಹಳ್ಳಿಗಳ ಕಡೆಗೂ ಈಗ ಹುಡುಗಿಯರು ಕುಸ್ತಿ ಹಿಡಿಯುತ್ತಾರೆ. ಅಂಥ ಕಡೆ ಮಹಿಳಾ ಸಂಘದವರನ್ನು ಊಟದ ವ್ಯವಸ್ಥೆಗೆ ಕರೆಯುತ್ತಾರೆ, ಬಹುಮಾನ ಕೊಡಲಿಕ್ಕೆ ಕರೆಯುತ್ತಾರೆ. ಜೋಡಿ ಹಚ್ಚುವ ಮೇಜಿನ ಹತ್ತಿರ ಮಾತ್ರ ಯಾರೂ ಕರೆಯುವುದಿಲ್ಲ. ಕರೆಯದಿದ್ದರೂ ಹೋಗಿ ನಿಲ್ಲಬೇಕು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಜಂಗಿ ಕುಸ್ತಿಯಲ್ಲಿ ತಕ್ಕಡಿ ಇರಲಿಲ್ಲ. ಪೈಲ್ವಾನ ಕೈ ಮೇಲೆತ್ತಿ ಕಣದ ಸುತ್ತ ಒಂದು ಸುತ್ತು ಹಾಕುವನು. ಹಿರಿಯ ಉಸ್ತಾದರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಎತ್ತರ, ಕೊರಳು, ಭುಜ, ತೊಡೆ ನೋಡುವರು. ಯಾವ ಗರಡಿ, ಎಷ್ಟು ವರ್ಷದ ಸಾಧನೆ ಎಂದು ಕೇಳುವರು. "ಹೂಂ, ಜೋಡಿ ಆತು" ಅಂದರೆ ಹಲಗಿ ಬಡಿಯುವುದು. ಮೈಸೂರು ದಸರೆಯಲ್ಲಿ ಇಂದಿಗೂ ಕುಸ್ತಿಗೆ ಮುಂಚೆ 'ಜೋಡಿ ಕಟ್ಟುವ' ಕಾರ್ಯಕ್ರಮ ಅಂತಲೇ ಬೇರೆ ನಡೆಯುತ್ತದೆ. ಜೋಡಿ ಕಟ್ಟುವುದೇ ಒಂದು ವಿದ್ಯೆ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು ನೋಡಿ. ಪಳಗಿದ ಕಣ್ಣು ತಕ್ಕಡಿಗಿಂತ ಕಡಿಮೆಯಲ್ಲ. ಆದರೆ ಅಂಥ ಕಣ್ಣು ಎಲ್ಲ ಊರಲ್ಲೂ ಇರುವುದಿಲ್ಲ. ಇದ್ದರೂ ಹನ್ನೆರಡು ವರ್ಷದ ಹುಡುಗಿಯರನ್ನು ಅಳೆದು ಅದಕ್ಕೆ ರೂಢಿ ಇರುವುದಿಲ್ಲ.

ನನ್ನ ತಂಗಿಯ ಮಗಳು ಒಂದು ಊರಿನ ಪಂದ್ಯಕ್ಕೆ ಹೋಗಿದ್ದಳು. ಊರಿನ ಹೆಸರು ಬೇಡ. '35 ಕೆಜಿ ಒಳಗಿನವರು' ಅಂತ ಒಂದೇ ವಿಭಾಗ. ಈ ಹುಡುಗಿ 28 ಕೆಜಿ, ಎದುರಿಗೆ ಬಂದವಳು ಮುಟ್ಟಾಮುಟ್ಟಿ 35. ಅರ್ಧ ನಿಮಿಷದಲ್ಲಿ ಕುಸ್ತಿ ಮುಗಿಯಿತು, ಮೊಣಕೈ ಬಾತಿತು. "ಮುಂದಿನ ವರ್ಷ ಗೆಲ್ತಿ ಬಿಡವಾ" ಅಂದರು ಅಲ್ಲಿಯ ಹಿರಿಯರು. ನನ್ನ ತಂಗಿ, "ಯಜಮಾನ್ರ, ಏಳು ಕೆಜಿ ಅಂದ್ರ ಆಕೀ ಮೈಯಾಗಿನ ಕಾಲುಪಾಲು ರೀ" ಅಂದಳು. ಅವರಿಂದ ಉತ್ತರ ಬರಲಿಲ್ಲ.

ತಂಗಿಯ ಲೆಕ್ಕದಲ್ಲಿಯೇ ಗುಟ್ಟಿದೆ. ಐದು ಕೆಜಿ ಫರಕು ಅಂದರೆ 90 ಕೆಜಿಯ ಗಂಡಸಿಗೆ ಹದಿನೆಂಟರಲ್ಲಿ ಒಂದು ಪಾಲು, 30 ಕೆಜಿಯ ಮಗುವಿಗೆ ಆರರಲ್ಲಿ ಒಂದು ಪಾಲು. ಹಗುರಾದವರಿಗೆ ಅಂತರ ಕಡಿಮೆ ಇರಬೇಕು, ಭಾರವಾದವರಿಗೆ ಹೆಚ್ಚಿದ್ದರೂ ನಡೆಯುತ್ತದೆ. ಒಲಿಂಪಿಕ್ಸಿನಲ್ಲಿ ಹೆಂಗಸರ ತೂಕದ ವಿಭಾಗಗಳು ಆರು: 50, 53, 57, 62, 68 ಮತ್ತು 76 ಕೆಜಿ. ನಡುವಿನ ಅಂತರ ಲೆಕ್ಕ ಹಾಕಿ. ಮೂರು, ನಾಲ್ಕು, ಐದು, ಆರು, ಎಂಟು. ಮೇಲೆ ಹೋದ ಹಾಗೆ ಅಗಲವಾಗುತ್ತ ಹೋಗಿದೆ. ಉಳ್ಳಾಗಡ್ಡಿ ಆರಿಸುವಾಗ ಸಣ್ಣ ಗಡ್ಡಿಯ ರಾಶಿಯಲ್ಲಿ ಕೂದಲೆಳೆ ಫರಕೂ ನಮ್ಮ ಕಣ್ಣಿಗೆ ಬೀಳುವುದಿಲ್ಲವೇ, ಹಾಗೆ.

ಹಳ್ಳಿಯ ಪಂದ್ಯಕ್ಕೆ ನನಗೆ ಒಪ್ಪಿಗೆಯಾದ ಉಪಾಯ ಬೇರೆ. ವಿಭಾಗವನ್ನು ಮೊದಲೇ ಕರಪತ್ರದಲ್ಲಿ ಅಚ್ಚು ಹಾಕಿಸಲೇಬಾರದು. ವಯಸ್ಸಿನ ಗಡಿ ಮಾತ್ರ ಹಾಕಿ, ಜನ್ಮ ದಾಖಲೆ ತರಲು ಹೇಳಿ. ಬಂದವರನ್ನೆಲ್ಲ ತೂಗಿ. ಹನ್ನೊಂದು ಹುಡುಗಿಯರು ಬಂದರು ಅನ್ನಿ. ತೂಕ ಹೀಗಿದೆ: 28, 29, ಇಪ್ಪತ್ತೊಂಬತ್ತೂವರೆ, 31, 33, 34, ಮೂವತ್ನಾಲ್ಕೂವರೆ, 35, 38, ಮೂವತ್ತೊಂಬತ್ತೂವರೆ, 41. ಇದೇ ಸಾಲಿನಲ್ಲಿ ನಾಲ್ಕು, ನಾಲ್ಕು, ಮೂರು ಎಂದು ಕತ್ತರಿಸಿ. ಯಾವ ಗುಂಪಿನಲ್ಲೂ ಮೂರು ಕೆಜಿಗಿಂತ ಹೆಚ್ಚು ಫರಕಿಲ್ಲ. ಗುಂಪಿನೊಳಗೆ ಪ್ರತಿಯೊಬ್ಬಳೂ ಉಳಿದವರೆಲ್ಲರ ಜೊತೆ ಆಡಲಿ. ನಾಲ್ವರ ಗುಂಪಿಗೆ ಆರು ಕುಸ್ತಿ, ಮೂವರ ಗುಂಪಿಗೆ ಮೂರು, ಒಟ್ಟು ಹದಿನೈದು. ಹನ್ನೊಂದೂ ಮಂದಿಯನ್ನು ಒಂದೇ ವಿಭಾಗದಲ್ಲಿ ಹಾಕಿ ಸೋತವರನ್ನು ಮನೆಗೆ ಕಳಿಸುತ್ತ ಹೋದರೆ ಹತ್ತು ಕುಸ್ತಿ. ಐದೇ ಕುಸ್ತಿ ಹೆಚ್ಚಾಯಿತು. ಅಷ್ಟರಲ್ಲೇ ಪ್ರತಿ ಹುಡುಗಿಗೂ ಎರಡು ಮೂರು ಸಲ ಮೈ ಹಣಿಸುವ ಅವಕಾಶ ಸಿಕ್ಕಿತು. ಬಸ್ಸಿನ ಛಾರ್ಜು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿಗೆ ಇದರ ಬೆಲೆ ಗೊತ್ತು. ಅಂತರರಾಷ್ಟ್ರೀಯ ಕುಸ್ತಿಯಲ್ಲಿಯೂ ಒಂದು ವಿಭಾಗಕ್ಕೆ ಆರಕ್ಕಿಂತ ಕಡಿಮೆ ಮಂದಿ ಬಂದರೆ ಎಲ್ಲರೂ ಎಲ್ಲರೊಂದಿಗೆ ಆಡುವ ಪದ್ಧತಿಯೇ ಇದೆ.

ತೂಕ ಒಂದೇ ಆದರೆ ಸಾಲದು. ನಾಲ್ಕು ವರ್ಷ ಗರಡಿಯಲ್ಲಿ ಬೆವರಿಳಿಸಿದವಳೂ ನಿನ್ನೆ ಸೇರಿದವಳೂ 34 ಕೆಜಿ ಇರಬಹುದು. ಬ್ರೆಜಿಲ್ ದೇಶದಲ್ಲಿ ಬೆಳೆದ ಜುಜುತ್ಸು ಎಂಬ ಕುಸ್ತಿಯಂಥದೇ ಒಂದು ಆಟವಿದೆ. ಅದರಲ್ಲಿ ದೊಡ್ಡವರಿಗೆ ಸಾಧನೆಗೆ ತಕ್ಕ ಹಾಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ಸೊಂಟಪಟ್ಟಿಯ ಬಣ್ಣ ಬದಲಾಗುತ್ತದೆ. ಪಂದ್ಯದಲ್ಲಿ ಬಿಳಿಪಟ್ಟಿಗೆ ಬಿಳಿಪಟ್ಟಿಯೇ ಎದುರು. ವಯಸ್ಸು, ತೂಕ, ಪಟ್ಟಿ ಮೂರನ್ನೂ ನೋಡಿಯೇ ವಿಭಾಗ. ಮೂವತ್ತು ದಾಟಿದವರಿಗೂ ಬೇರೆ ವಿಭಾಗಗಳಿವೆಯಂತೆ, ನಮ್ಮಂಥವರೂ ಆಸೆ ಪಡಬಹುದು! ನಮ್ಮಲ್ಲಿ ಸೊಂಟಪಟ್ಟಿ ಇಲ್ಲದಿದ್ದರೆ ಏನಾಯಿತು, ಹೆಸರು ಬರೆಸುವಾಗ 'ಎಷ್ಟು ವರ್ಷ ಕಲಿತೀದಿ, ಎಷ್ಟು ಪಂದ್ಯ ಆಡೀದಿ' ಎಂದು ಎರಡು ಪ್ರಶ್ನೆ ಕೇಳಿ ಬರೆದುಕೊಳ್ಳಲಿಕ್ಕೆ ಖರ್ಚೇನೂ ಇಲ್ಲ.

ಇನ್ನು ತಾಯಂದಿರು ಗಟ್ಟಿಯಾಗಿ ಬಾಯಿ ತೆರೆಯಬೇಕಾದ ವಿಷಯ ತೂಕ ಇಳಿಸುವ ಹುಚ್ಚು. ಕೆಳಗಿನ ವಿಭಾಗದಲ್ಲಿ ಆಡಿದರೆ ಗೆಲುವು ಸುಲಭ ಎಂದು ಮಕ್ಕಳನ್ನು ಎರಡು ದಿನ ಉಪವಾಸ ಕೆಡುವುತ್ತಾರೆ, ನೀರು ಬಿಡಿಸುತ್ತಾರೆ, ಬಿಸಿಲಲ್ಲಿ ದಪ್ಪ ಅಂಗಿ ಹಾಕಿ ಓಡಿಸುತ್ತಾರೆ. 2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ 50 ಕೆಜಿ ವಿಭಾಗದ ಫೈನಲ್ ತಲುಪಿದ್ದರು. ಎರಡನೆಯ ದಿನದ ಬೆಳಗಿನ ತೂಕದಲ್ಲಿ ನೂರು ಗ್ರಾಂ ಹೆಚ್ಚಾಗಿ ಅನರ್ಹರಾದರು. ರಾತ್ರಿಯಿಡೀ ಊಟ ನಿದ್ದೆ ಬಿಟ್ಟು ಬೆವರಿಳಿಸಿ, ಕೂದಲು ಕತ್ತರಿಸಿದರೂ ಆಗಲಿಲ್ಲ. ಅವರು ಬೆಳೆದ ಹೆಂಗಸು, ಹಿಂದೆ ಮುಂದೆ ವೈದ್ಯರಿದ್ದರು. ಬೆಳೆಯುವ ಹುಡುಗಿ, ಅದರಲ್ಲೂ ಆಗ ತಾನೇ ಮುಟ್ಟು ಶುರುವಾದವಳು, ಈ ಆಟ ತಡೆಯುವುದಿಲ್ಲ. ತೂಕ ನೋಡಿದ ಮೇಲೆ ಗುಂಪು ಕತ್ತರಿಸುವ ಉಪಾಯದಲ್ಲಿ ಗಡಿಯೇ ಮೊದಲು ಗೊತ್ತಿರುವುದಿಲ್ಲವಾದ್ದರಿಂದ ಹಸಿವೆಯಿಂದಿರುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಜುಜುತ್ಸುವಿನ ದೊಡ್ಡ ಪಂದ್ಯಗಳಲ್ಲಿ ಆಟದ ಅಂಗಿ ಸಮೇತ, ಮೊದಲ ಪಂದ್ಯಕ್ಕೆ ಸ್ವಲ್ಪವೇ ಮುಂಚೆ ತೂಗುತ್ತಾರೆ. ನೀರು ಬಿಟ್ಟು ಬಂದವನು ಬಾಯಾರಿಕೊಂಡೇ ಆಡಬೇಕು. ಅದೂ ಒಂದು ಬುದ್ಧಿವಂತಿಕೆಯೇ.

ಮಂದಿ ಹೆಚ್ಚು ಬಂದರೆ ಎಲ್ಲರೂ ಎಲ್ಲರೊಂದಿಗೆ ಆಡಲಾಗುವುದಿಲ್ಲ. ಆಗ ಡ್ರಾ ಹಾಕಬೇಕು. ಅದರ ನಕ್ಷೆ ವಂಶವೃಕ್ಷವನ್ನು ತಿರುಗಿಸಿ ಇಟ್ಟ ಹಾಗೆ: ತುದಿಯಲ್ಲಿ ಬಹಳ ಮಂದಿ, ಬುಡದಲ್ಲಿ ಒಬ್ಬಳು. ಎರಡು, ನಾಲ್ಕು, ಎಂಟು, ಹದಿನಾರು ಆದರೆ ಸರಾಗ. ಒಂದೇ ತೂಕದ ಹನ್ನೊಂದು ಮಂದಿ ಇದ್ದರೆ? ಹಲವು ಕಡೆ ಐದು ಜೋಡಿ ಮಾಡಿ ಒಬ್ಬಳನ್ನು ಕೂಡಿಸುತ್ತಾರೆ. ಆರು ಉಳಿಯುತ್ತಾರೆ, ಆಮೇಲೆ ಮೂರು. ಈಗ ಮತ್ತೆ ಒಬ್ಬಳು ಕೂಡಬೇಕು. ಅವಳು ಸುಮ್ಮನೆ ಫೈನಲ್ಲಿಗೆ ಹೋಗುತ್ತಾಳೆ, ಎದುರಿನವಳು ಏದುಸಿರು ಬಿಡುತ್ತ ಬರುತ್ತಾಳೆ. ಇದು ಅನ್ಯಾಯ. ಸರಿಯಾದ ಕ್ರಮವೆಂದರೆ ಹದಿನಾರು ಮನೆಯ ನಕ್ಷೆ ಬರೆದು, ಖಾಲಿ ಐದು ಮನೆಗಳನ್ನು ಮೊದಲ ಸುತ್ತಿನಲ್ಲೇ ತೀರಿಸುವುದು. ಐದು ಮಂದಿಗೆ ಬೈ, ಆರು ಮಂದಿ ಮೂರು ಕುಸ್ತಿ ಆಡುತ್ತಾರೆ. ಗೆದ್ದ ಮೂವರು, ಕೂತ ಐವರು ಸೇರಿ ಎಂಟಾಯಿತು. ಅಲ್ಲಿಂದ ಮುಂದೆ ಯಾರೂ ಕೂಡುವಂತಿಲ್ಲ. ಒಂದೇ ಗರಡಿಯ ಇಬ್ಬರನ್ನು, ಹೋದ ವರ್ಷದ ಮೊದಲಿನವಳನ್ನು ಮತ್ತು ಎರಡನೆಯವಳನ್ನು ನಕ್ಷೆಯ ಎರಡು ಬೇರೆ ಅರ್ಧಗಳಲ್ಲಿ ಹಾಕಿ, ಉಳಿದವರಿಗೆ ಚೀಟಿ ಎತ್ತಿಸಿ. ಚೀಟಿಯನ್ನು ಎಲ್ಲರ ಮುಂದೆ ಚಿಕ್ಕ ಮಗುವಿನ ಕೈಯಿಂದ ಎತ್ತಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇಷ್ಟಾದರೂ ಚೀಟಿಯ ದುರದೃಷ್ಟ ಇದ್ದೇ ಇರುತ್ತದೆ. ಎರಡನೆಯ ಜೋರಿನವಳಿಗೆ ಮೊದಲ ಸುತ್ತಿನಲ್ಲೇ ಮೊದಲನೆಯವಳು ಸಿಗಬಹುದು. ಅದಕ್ಕೆ ಒಲಿಂಪಿಕ್ ಕುಸ್ತಿಯಲ್ಲಿ ರಿಪೆಚಾಜ್ ಎಂಬ ಎರಡನೆಯ ಅವಕಾಶವಿದೆ. ಫೈನಲ್ ತಲುಪಿದವರ ಕೈಯಲ್ಲಿ ಸೋತವರಿಗೆ ಕಂಚಿನ ಪದಕಕ್ಕೆ ಮತ್ತೆ ಆಡುವ ಹಕ್ಕು. 2016ರಲ್ಲಿ ರಿಯೋದಲ್ಲಿ 58 ಕೆಜಿ ವಿಭಾಗದ ಸಾಕ್ಷಿ ಮಲಿಕ್ ಎಂಟರ ಘಟ್ಟದಲ್ಲಿ ರಷ್ಯಾದ ಕೊಬ್ಲೋವಾಗೆ ಸೋತರು. ಆಕೆ ಫೈನಲ್ಲಿಗೆ ಹೋದದ್ದರಿಂದ ಸಾಕ್ಷಿಗೆ ಬಾಗಿಲು ತೆರೆಯಿತು. ಮಂಗೋಲಿಯಾದವಳನ್ನು ಸೋಲಿಸಿ, ಕಂಚಿನ ಕುಸ್ತಿಯಲ್ಲಿ ಕಿರ್ಗಿಸ್ತಾನದ ಹುಡುಗಿಯ ಎದುರು 0-5 ಹಿಂದಿದ್ದವರು 8-5ರಿಂದ ಗೆದ್ದರು. ನಮ್ಮ ದೇಶದ ಹೆಣ್ಣುಮಗಳಿಗೆ ಒಲಿಂಪಿಕ್ ಕುಸ್ತಿಯಲ್ಲಿ ಬಂದ ಮೊದಲ ಪದಕ ಅದು. ಸೋತವರೆಲ್ಲ ಗಂಟು ಕಟ್ಟಿ ಅಂದಿದ್ದರೆ ಆ ಪದಕ ಬರುತ್ತಿರಲಿಲ್ಲ.

ನಿಮ್ಮ ಊರಲ್ಲಿ ಪಂದ್ಯ ಇಟ್ಟರೆ ಸಂಘದಿಂದ ಇಬ್ಬರು ತಕ್ಕಡಿಯ ಹತ್ತಿರ ಕೂತುಕೊಳ್ಳಿ. ಹುಡುಗಿಯರ ತೂಕ ಬಾಗಿಲು ಹಾಕಿದ ಕೋಣೆಯಲ್ಲಿ, ಹೆಂಗಸರ ಕೈಯಿಂದಲೇ ಆಗಬೇಕು. ಶುರು ಮಾಡುವ ಮುಂಚೆ ತಕ್ಕಡಿಯ ಮೇಲೆ ಸೀಲು ಒಡೆಯದ ಸಿಮೆಂಟು ಚೀಲ ಇಟ್ಟು 50 ತೋರಿಸುತ್ತದೆಯೋ ನೋಡಿ. ಡ್ರಾ ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದು ಕುಸ್ತಿಗೂ ಇನ್ನೊಂದಕ್ಕೂ ನಡುವೆ ಮಕ್ಕಳಿಗೆ ಅರ್ಧ ಗಂಟೆಯಾದರೂ ಬಿಡುವು ಇರಲಿ. ತೂಕ ಮುಗಿದ ಕೋಣೆಯ ಹೊರಗೇ ಬಾಳೆಹಣ್ಣು, ಶೇಂಗಾ ಉಂಡಿ, ಉಪ್ಪು ಹಾಕಿದ ತೆಳು ಮಜ್ಜಿಗೆ ಇಟ್ಟಿರಿ.